ಕಾಗದದ ಕೇಪಳ, ಕೈಬರಹದ ಒಕ್ಕಣೆ

ಮಾರ್ಚ್ ತಿಂಗಳು ಸಮೀಪಿಸುತ್ತಿದ್ದಂತೆ ಕಾಸರಗೋಡಿನ ಕನ್ನಡ ಮಾಧ್ಯಮದ ಯು.ಪಿ. ಶಾಲೆಗಳಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಒಂದು ಬಗೆಯ ಅವಸರ ಹತ್ತಿಕೊಳ್ಳುತ್ತದೆ. ವರ್ಷಾನುವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ಜೂನ್ ತಿಂಗಳಲ್ಲಿ ಬೇರೆ ಬೇರೆ ಹೈಸ್ಕೂಲುಗಳಿಗೆ ಹಂಚಿಹೋಗಬೇಕು. ಕೆಲವರಿಗೆ ಕನ್ನಡ ವಿಭಾಗವುಳ್ಳ ಹೈಸ್ಕೂಲು ನಡೆದು ಹೋಗುವಷ್ಟು ಹತ್ತಿರವಿರುತ್ತದೆ. ಕೆಲವರು ಇಂಗ್ಲಿಷ್ ಮಾಧ್ಯಮಕ್ಕೆ, ಕೆಲವರು ಮಲಯಾಳಕ್ಕೆ ಹೊರಳುತ್ತಾರೆ. ಅಗಲುವ ಮುನ್ನ ಗೆಳತಿಗೊಂದು, ಟೀಚರಿಗೊಂದು ಕಾರ್ಡು ಕೊಡುವುದು ವಾಡಿಕೆ. ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಅದಕ್ಕೆ ಬೇಕಾದುದೆಲ್ಲ ಸಿದ್ಧವಾಗಿಯೇ ಇದೆ: ನಯವಾದ ಕಾಗದ, ಉಬ್ಬಿದ ಗುಲಾಬಿ, ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಸಾಲಿನ ಹಾರೈಕೆ. ಕೊಂಡ ಮಗುವಿಗೆ ಉಳಿಯುವ ಕೆಲಸ ಒಳಪುಟದಲ್ಲಿ ತನ್ನ ಹೆಸರು ಬರೆಯುವುದಷ್ಟೇ. ಗೆಳತಿಗೆ ಹೇಳಬೇಕಾಗಿದ್ದ ಮಾತನ್ನು ಆ ಕಾರ್ಡನ್ನು ಅಚ್ಚುಹಾಕಿದವರು ಎಂದೋ ಹೇಳಿ ಮುಗಿಸಿರುತ್ತಾರೆ.

ಈಚೆಗೆ ಅದೇ ಅಂಗಡಿಗಳಿಗೆ ಇನ್ನೊಂದು ಸರಕು ಬಂದಿದೆ. ಕತ್ತರಿಸಿ ಸಿದ್ಧವಾದ ಕಾಗದದ ಹೂವು, ಎಲೆ, ಬಳ್ಳಿಗಳ ಪೊಟ್ಟಣಗಳು. ಒತ್ತಿದರೆ ಹೂವಿನಾಕಾರದ ತುಂಡು ಉದುರಿಸುವ ಅಂಗೈಯಗಲದ ಪಂಚುಗಳು. ಇನ್ನೂ ಅನುಕೂಲಸ್ಥರಿಗೆ ಹಿಡಿ ತಿರುಗಿಸಿ ನಡೆಸುವ ಪುಟ್ಟ ಯಂತ್ರ. ಇವುಗಳಿಂದ ಮನೆಯಲ್ಲೇ ಕಾರ್ಡು ಮಾಡಿಕೊಳ್ಳಬಹುದು, ಮಾಡುವ ಮಕ್ಕಳೂ ಹೆಚ್ಚುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಈ ಪೊಟ್ಟಣಗಳಲ್ಲಿ ಯಾವ ತೋಟದ ಹೂಗಳಿವೆ, ಅದರಲ್ಲಿರುವ ಅಕ್ಷರಗಳು ಯಾವ ಭಾಷೆಯವು ಎಂಬುದನ್ನು ಮನೆಯ ಹಿರಿಯರು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಗುಲಾಬಿ, ಡೈಸಿ, ತುದಿ ಸೀಳಿದ ಐದೆಸಳಿನ ಚೆರ್ರಿ ಹೂವು ಸಿಗುತ್ತವೆ. ಕೇಪಳವಿಲ್ಲ, ದಾಸವಾಳವಿಲ್ಲ, ನಂದಿಬಟ್ಟಲಿಲ್ಲ. ಕನ್ನಡದ ಒಂದಕ್ಷರವೂ ಇಲ್ಲ.

ಡೈ ಎಂಬುದು ಬಹಳ ಸರಳವಾದ ಉಪಕರಣ. ಮದುವೆಯ ಕಾಗದ, ಸಿಹಿತಿಂಡಿಯ ಪೆಟ್ಟಿಗೆ ಮಾಡುವ ಮುದ್ರಣಾಲಯಗಳಲ್ಲಿ ಅದರ ದೊಡ್ಡ ರೂಪವನ್ನು ಕಾಣಬಹುದು. ಬೇಕಾದ ಆಕಾರಕ್ಕೆ ಬಗ್ಗಿಸಿದ ಹರಿತವಾದ ಉಕ್ಕಿನ ಪಟ್ಟಿಯನ್ನು ಪ್ಲೈವುಡ್ ಹಲಗೆಯಲ್ಲಿ ನೆಟ್ಟಿರುತ್ತಾರೆ. ಅದರ ಇಕ್ಕೆಲಗಳಲ್ಲಿ ಸ್ಪಂಜು ಅಥವಾ ರಬ್ಬರಿನ ತುಂಡುಗಳಿರುತ್ತವೆ. ಕತ್ತರಿಸಿದ ಕಾಗದ ಅಲಗಿಗೆ ಸಿಕ್ಕಿಕೊಳ್ಳದಂತೆ ಹೊರಕ್ಕೆ ತಳ್ಳುವುದು ಅವುಗಳ ಕೆಲಸ. ಮಡಿಕೆ ಬೀಳಬೇಕಾದಲ್ಲಿ ಹರಿತವಿಲ್ಲದ ಪಟ್ಟಿಯನ್ನಿಡುತ್ತಾರೆ. ಅದು ಕಾಗದವನ್ನು ಕತ್ತರಿಸದೆ ಗೆರೆ ಮಾತ್ರ ಮೂಡಿಸುತ್ತದೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಟ್ರೆಡಲ್ ಯಂತ್ರಗಳು ಎಷ್ಟೋ ಕಡೆ ಇಂದು ಈ ಕೆಲಸಕ್ಕೆ ನಿಂತಿವೆ. ಅಕ್ಷರ ಒತ್ತುತ್ತಿದ್ದ ಯಂತ್ರ ಮುದಿತನದಲ್ಲಿ ಪೆಟ್ಟಿಗೆ ಕೊಯ್ಯುತ್ತಿದೆ. ಮನೆಯ ಪುಟ್ಟ ಯಂತ್ರದಲ್ಲಿ ಹಲಗೆಯ ಬದಲು ತೆಳುವಾದ ಲೋಹದ ಅಚ್ಚು ಇರುತ್ತದೆ. ಅಚ್ಚು, ಕಾಗದ ಎರಡನ್ನೂ ಎರಡು ಪ್ಲಾಸ್ಟಿಕ್ ಫಲಕಗಳ ನಡುವೆ ಇಟ್ಟು ಜೋಡಿ ಉರುಳೆಗಳ ನಡುವಿನಿಂದ ಹಾಯಿಸುತ್ತಾರೆ. ಕಬ್ಬಿನ ಗಾಣ ನೋಡಿದವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಯಂತ್ರ ಕೊಯ್ದ ಕಾಗದದ ಹೂವನ್ನು ಶುಭಾಶಯ ಪತ್ರಕ್ಕೆ ಅಂಟಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಜರ್ಮನಿಯಲ್ಲಿ ಬಣ್ಣದ ಕಲ್ಲಚ್ಚಿನಲ್ಲಿ ಹೂಗೊಂಚಲುಗಳನ್ನು ಮುದ್ರಿಸಿ, ಉಬ್ಬುಗೊಳಿಸಿ, ಅಂಚು ಕೊಯ್ದು ಹಾಳೆಹಾಳೆಯಾಗಿ ಮಾರುತ್ತಿದ್ದರು. ಹೂವಿನಿಂದ ಹೂವಿಗೆ ಏಣಿಯ ಮೆಟ್ಟಿಲಿನಂಥ ಸಣ್ಣ ಕಾಗದದ ಪಟ್ಟಿಗಳಿರುತ್ತಿದ್ದವು. ಅವನ್ನು ಕತ್ತರಿಸಿಕೊಂಡರೆ ಹೂವು ಕೈಗೆ ಬರುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ಊರಿನಲ್ಲಿ ಎಸ್ತರ್ ಹೌಲ್ಯಾಂಡ್ ಎಂಬ ಯುವತಿ ಇದನ್ನೇ ಒಂದು ಉದ್ಯಮವಾಗಿ ಬೆಳೆಸಿದಳು. ಆಕೆ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ ಓದು ಮುಗಿಸಿದ್ದು 1847ರಲ್ಲಿ. ಕಾಗದ ಪುಸ್ತಕಗಳ ವ್ಯಾಪಾರಿಯಾಗಿದ್ದ ತಂದೆಯ ಮೂಲಕ ಇಂಗ್ಲೆಂಡಿನಿಂದ ಕಸೂತಿಯಂಥ ಕಾಗದವನ್ನೂ ಕೊಯ್ದ ಹೂಗಳನ್ನೂ ತರಿಸಿ, ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬಳು ಕತ್ತರಿಸಿದರೆ ಮತ್ತೊಬ್ಬಳು ಅಂಟಿಸುವಂತೆ ಕೆಲಸ ಹಂಚಿ ಕಾರ್ಡು ತಯಾರಿಸಿದಳು. 1881ರಲ್ಲಿ ಉದ್ಯಮವನ್ನು ಮಾರಿ ನಿವೃತ್ತಳಾದಳು. ಆಕೆಯ ಕತೆಯಲ್ಲಿ ಗಮನಿಸಬೇಕಾದ ವಿವರ ಇನ್ನೊಂದಿದೆ. 1879ರಲ್ಲಿ ಆಕೆ ಪದ್ಯಗಳ ಒಂದು ಕಿರುಪುಸ್ತಕವನ್ನು ಹೊರತಂದಳು. ಕಾರ್ಡಿನ ಹೂವು ಹಿಡಿಸಿ ಅದರೊಳಗಿನ ಪದ್ಯ ಹಿಡಿಸದ ಗಿರಾಕಿ ಆ ಪುಸ್ತಕದಿಂದ ಬೇರೊಂದು ಪದ್ಯವನ್ನು ಆರಿಸಿ ಹಳೆಯದರ ಮೇಲೆ ಅಂಟಿಸಿಕೊಳ್ಳಬಹುದಾಗಿತ್ತು. ಹೂವು ಯಾರದಾದರೂ ಆಗಬಹುದು, ಮಾತು ಮಾತ್ರ ಎರವಲಾದರೆ ಮನಸ್ಸಿಗೆ ಒಗ್ಗುವುದಿಲ್ಲ ಎಂಬುದು ಆ ವ್ಯಾಪಾರಸ್ಥೆಗೂ ತಿಳಿದಿತ್ತು. ಆಕೆ ಒದಗಿಸಿದ್ದು ಇನ್ನೊಂದು ಎರವಲನ್ನೇ, ಅದು ಬೇರೆ ಮಾತು.

ಇದಕ್ಕೂ ಮುಂಚೆ, ಡೈಯ ಗೊಡವೆಯೇ ಇಲ್ಲದೆ ಕಾಗದದ ಹೂವನ್ನು ಅಚ್ಚರಿಯ ಎತ್ತರಕ್ಕೇರಿಸಿದವಳು ಇಂಗ್ಲೆಂಡಿನ ಮೇರಿ ಡೆಲಾನಿ. ಆಕೆ ಹುಟ್ಟಿದ್ದು 1700ರಲ್ಲಿ; ಈ ಕೆಲಸಕ್ಕೆ ಕೈಹಾಕಿದ್ದು ತನ್ನ ಎಪ್ಪತ್ತೆರಡರ ಪ್ರಾಯದಲ್ಲಿ, ವಿಧವೆಯಾದ ಮೇಲೆ. ಹಾಸಿಗೆಯ ಬಳಿಯಿದ್ದ ಜೆರೇನಿಯಂ ಹೂವಿನ ಬಣ್ಣಕ್ಕೂ ಮೇಜಿನ ಮೇಲಿದ್ದ ಕೆಂಪು ಕಾಗದದ ಬಣ್ಣಕ್ಕೂ ಇದ್ದ ಹೋಲಿಕೆ ಕಂಡು ಕತ್ತರಿ ಎತ್ತಿಕೊಂಡಳೆಂದು ಹೇಳುತ್ತಾರೆ. ಗಿಡವನ್ನು ಎದುರಿಗಿಟ್ಟುಕೊಂಡು, ಎಸಳು, ಕೇಸರ, ಎಲೆಯ ನರ ಒಂದೊಂದನ್ನೂ ಬೇರೆ ಬೇರೆ ಬಣ್ಣದ ಕಾಗದದಲ್ಲಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಅಂಟಿಸುತ್ತಿದ್ದಳು; ಒಂದು ಗಿಡಕ್ಕೆ ನೂರಾರು ತುಂಡುಗಳು. ಹತ್ತು ವರ್ಷಗಳಲ್ಲಿ 985 ಚಿತ್ರಗಳಾದವು. 1782ರ ಹೊತ್ತಿಗೆ ಕಣ್ಣು ಮಂಜಾಗಿ ಕತ್ತರಿಯನ್ನು ಕೆಳಗಿಟ್ಟಳು. ಆ ಚಿತ್ರಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆಕೆ ಬಳಸಿದ ಕತ್ತರಿ, ಅಂಟು, ಬಣ್ಣದ ಕಾಗದಗಳು ಪ್ರತಿ ಶಾಲೆಯ ಕಪಾಟಿನಲ್ಲೂ ಇರುವಂಥವೇ. ಹೂವನ್ನು ಎದುರಿಗಿಟ್ಟುಕೊಂಡು ನೋಡುವ ಅಭ್ಯಾಸ ಮಾತ್ರ ಕಪಾಟಿನಲ್ಲಿ ಸಿಗುವುದಿಲ್ಲ.

ಹಾಗೆ ನೋಡಲು ಕಾಸರಗೋಡಿನ ಮಗುವಿಗೆ ಕೇಪಳಕ್ಕಿಂತ ಒಳ್ಳೆಯ ಹೂವಿಲ್ಲ. ಗುಡ್ಡದಲ್ಲಿ ತಾನಾಗಿ ಬೆಳೆಯುತ್ತದೆ, ಓಣಂ ದಿನಗಳ ಹೂವಿನ ರಂಗೋಲಿಗೆ ಬುಟ್ಟಿಗಟ್ಟಲೆ ಬರುತ್ತದೆ, ಅದರ ಹಣ್ಣನ್ನು ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ಮುಗಿಸುತ್ತಾರೆ. ಇಷ್ಟು ಬಳಕೆಯಿದ್ದರೂ ಒಂದು ಹೂವಿಗೆ ಎಷ್ಟು ಎಸಳೆಂದು ಕೇಳಿದರೆ ಹೆಚ್ಚಿನವರು ಐದು ಎಂದೇ ಹೇಳಿಯಾರು. ಇರುವುದು ನಾಲ್ಕು. ಕಾಡಿನ ಕೇಪಳದಲ್ಲಿ ಎಸಳ ತುದಿ ಮೊನಚು. ನಾಲ್ಕೆಸಳ ನಡುವೆ ನಾಲ್ಕು ಕೇಸರ, ಅಡಿಯಲ್ಲಿ ಉದ್ದನೆಯ ಕೊಳವೆ, ಅರಳದ ಮೊಗ್ಗು ಸೂಜಿಯಂತೆ ಚೂಪು. ಅರಳಿದವು, ಅರಳದವು ಎಲ್ಲ ಸೇರಿ ಒಂದು ಗೊಂಚಲು.

ಇದನ್ನು ಕಾಗದದಲ್ಲಿ ಮಾಡುವ ಬಗೆ ಹೀಗೆ. ಎರಡು ಸೆಂಟಿಮೀಟರ್ ಅಳತೆಯ ಕೆಂಪು ಕಾಗದದ ಚೌಕವನ್ನು ಎರಡು ಸಲ ಮಡಚಿದರೆ ಕಾಲುಭಾಗದ ಚೌಕವಾಗುತ್ತದೆ. ಮಡಿಕೆಗಳೆಲ್ಲ ಕೂಡುವ ಮೂಲೆಯೇ ಹೂವಿನ ನಡು. ಅದನ್ನು ಬೆರಳಲ್ಲಿ ಹಿಡಿದು, ಎದುರಿನ ಮೂಲೆಯನ್ನು ತುದಿಯಾಗಿಟ್ಟು ಅರ್ಧ ಎಲೆಯಾಕಾರದ ಎರಡು ಕೊಯ್ತ ಹಾಕಿದರೆ ಸಾಕು. ನಡುವಿನ ಮೂಲೆಯನ್ನು ಮುಟ್ಟುವವರೆಗೆ ಕತ್ತರಿ ಹೋಗಕೂಡದು. ಹೋದರೆ ಹೂವಿನ ಬದಲು ನಾಲ್ಕು ಚೂರುಗಳು ಉದುರುತ್ತವೆ. ಒಂದು ಕಾರ್ಡಿಗೆ ಇಂಥ ಇಪ್ಪತ್ತು ಹೂ, ಏಳೆಂಟು ಮೊಗ್ಗು ಬೇಕಾಗುತ್ತವೆ. ಇಲ್ಲಿ ಪಂಚಿನ ಸಹಾಯ ಪಡೆಯುವುದರಲ್ಲಿ ದೋಷವೇನಿಲ್ಲ. ನಾಲ್ಕೆಸಳಿನ ಸಣ್ಣ ಹೂವಿನ ಪಂಚು ಸಿಕ್ಕಿದರೆ, ಅದನ್ನು ಮಾಡಿದವರು ಮನಸ್ಸಿನಲ್ಲಿಟ್ಟುಕೊಂಡ ಹೂವು ಯಾವುದೇ ಇರಲಿ, ಕೆಂಪು ಕಾಗದ ತುರುಕಿದೊಡನೆ ಅದು ಕೇಪಳದ ಪಂಚಾಗುತ್ತದೆ. ತುದಿಯನ್ನು ಕತ್ತರಿಯಿಂದ ತುಸು ಚೂಪು ಮಾಡಿಕೊಂಡರಾಯಿತು. ಇಪ್ಪತ್ತು ಸಲ ಒಂದೇ ಆಕಾರ ಕತ್ತರಿಸಿ ಮಗುವಿನ ಬೆರಳು ನೋಯುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಪಂಚಿನಿಂದ ಉದುರುವುದು ಚಪ್ಪಟೆಯಾದ ಚೂರು ಮಾತ್ರ. ಅದಕ್ಕೆ ಮೈ ತುಂಬಿಸುವುದು ಬೆರಳಿನ ಕೆಲಸ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ತೊಳೆದು ಒಣಗಿಸಿಟ್ಟುಕೊಂಡರೆ ಅದೇ ಮೆತ್ತೆ. ಅದರ ಮೇಲೆ ಹೂವನ್ನಿಟ್ಟು ಮುಗಿದ ಬಾಲ್‌ಪೆನ್ನಿನ ತುದಿಯಿಂದ ನಡುವೆ ಒತ್ತಿದರೆ ಎಸಳುಗಳು ಬಟ್ಟಲಿನಂತೆ ಮೇಲೇಳುತ್ತವೆ. ಬಳಿಕ ಹಿಡಿಸೂಡಿಯ ಕಡ್ಡಿಗೆ ಎಸಳ ತುದಿಯನ್ನು ಸುತ್ತಿ ಬಿಟ್ಟರೆ ಹಿಮ್ಮುಖವಾಗಿ ಬಾಗುತ್ತದೆ. ಈ ಹಂತದಲ್ಲಿ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ: ಎದುರುಬದುರಿನ ಎರಡು ಎಸಳುಗಳು ಹೇಳಿದಂತೆ ಬಾಗುತ್ತವೆ, ಉಳಿದೆರಡು ಹಟ ಹಿಡಿಯುತ್ತವೆ. ಮಗುವಿನ ಕೈಯಲ್ಲಿ ತಪ್ಪಿಲ್ಲ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನಾರಿನುದ್ದಕ್ಕೆ ಸುರುಳಿ ಸುಲಭ, ಅಡ್ಡಕ್ಕೆ ಕಷ್ಟ. ಚಾಪೆಯನ್ನು ಸುತ್ತಿದವರೆಲ್ಲ ಬಲ್ಲ ವಿಷಯವೇ. ಕಾರ್ಡಿನ ಮಡಿಕೆಗೂ ಇದೇ ನಿಯಮ. ದಪ್ಪ ಕಾಗದವನ್ನು ನಾರಿಗೆ ಅಡ್ಡವಾಗಿ ಮಡಚಿದರೆ ಬೆನ್ನಿನ ಮೇಲೆ ಬಿರುಕು ಮೂಡುತ್ತದೆ. ಮಡಚುವ ಮುನ್ನ ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿದರೆ ಯಾವ ಕಡೆ ಬಿಗಿ, ಯಾವ ಕಡೆ ಸಡಿಲ ಎಂಬುದನ್ನು ಕೈಯೇ ಹೇಳುತ್ತದೆ. ಅನಂತರ ಅಡಿಕೋಲಿಟ್ಟು ಅದೇ ಮುಗಿದ ಪೆನ್ನಿನಿಂದ ಗೆರೆ ಒತ್ತಿ ಮಡಚಬೇಕು. ಮುದ್ರಣಾಲಯದ ಹರಿತವಿಲ್ಲದ ಪಟ್ಟಿ ಮಾಡುವ ಕೆಲಸವನ್ನೇ ಮನೆಯಲ್ಲಿ ಈ ಪೆನ್ನು ಮಾಡುತ್ತದೆ.

ದಾಸವಾಳದ ರೀತಿ ಬೇರೆ. ಅದನ್ನು ಒಂದೇ ತುಂಡಾಗಿ ಕತ್ತರಿಸಿದರೆ ಫ್ಯಾನಿನ ರೆಕ್ಕೆಯಂತೆ ಕಾಣುತ್ತದೆ. ಹಳೆಯ ಮದುವೆ ಕಾಗದದ ರಟ್ಟಿನಲ್ಲಿ ಒಂದು ಎಸಳಿನ ಮಾದರಿಯನ್ನು ಕತ್ತರಿಸಿಕೊಂಡು, ಅದನ್ನಿಟ್ಟು ಗೆರೆ ಎಳೆದು ಐದು ಬಿಡಿ ಎಸಳುಗಳನ್ನು ಮಾಡಬೇಕು. ಸಣ್ಣ ವೃತ್ತದ ಮೇಲೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಂಟಿಸುತ್ತ ಹೋಗಿ, ಕೊನೆಯದರ ಅಂಚನ್ನು ಮೊದಲನೆಯದರ ಅಡಿಗೆ ಸರಿಸಬೇಕು. ಆ ಕೊನೆಯ ಸರಿಸುವಿಕೆ ಮರೆತುಹೋದರೆ ಹೂವಿನಲ್ಲಿ ಎಲ್ಲೋ ಏನೋ ಸರಿಯಿಲ್ಲವೆಂದು ಕಾಣುತ್ತಲೇ ಇರುತ್ತದೆ. ನಡುವೆ ಎಸಳಿಗಿಂತ ಹೊರಕ್ಕೆ ಚಾಚುವ ಕೇಸರದ ಕಂಬ. ತೆಳುಕಾಗದವನ್ನು ಸುರುಳಿ ಸುತ್ತಿ, ತುದಿಯತ್ತ ಹಳದಿ ಚುಕ್ಕೆಗಳನ್ನೂ ಎಲ್ಲಕ್ಕಿಂತ ತುದಿಯಲ್ಲಿ ಐದು ಕೆಂಪು ಚುಕ್ಕೆಗಳನ್ನೂ ಇಡಬೇಕು. ಐದೇ ಏಕೆಂದು ಮಗು ಕೇಳಿದರೆ ಉತ್ತರ ಅಂಗಳದಲ್ಲಿದೆ, ಹೋಗಿ ಎಣಿಸಬಹುದು. ನಂದಿಬಟ್ಟಲಿಗೂ ಇದೇ ಕ್ರಮ, ಎಸಳು ತುಸು ತಿರುಚಿರಬೇಕಷ್ಟೆ. ವಿಷುವಿಗೆ ಅರಳುವ ಕಕ್ಕೆಯನ್ನು ಮಾಡುವ ಆಸೆ ಅನೇಕರಿಗಿರುತ್ತದೆ. ಜೋತುಬಿದ್ದ ಹಳದಿ ಗೊಂಚಲು ಕಾಗದದಲ್ಲಿ ಚೆಂದವೇ, ಆದರೆ ತಾಳ್ಮೆ ಬಹಳ ಬೇಡುತ್ತದೆ. ಐದನೆಯ ತರಗತಿಗಿಂತ ಕೆಳಗಿನವರಿಗೆ ಹೇಳತಕ್ಕದ್ದಲ್ಲ.

ಅಂಟಿನ ವಿಷಯದಲ್ಲಿ ಜಿಪುಣತನವೇ ಲೇಸು. ಹೂವಿನ ನಡುವಿಗೆ ಮಾತ್ರ ಸಾಸಿವೆ ಕಾಳಿನಷ್ಟು ಫೆವಿಕಾಲ್ ಸಾಕು. ಎಸಳುಗಳು ಬಿಡುವಾಗಿಯೇ ಇರಬೇಕು. ಕರಾವಳಿಯ ತೇವದ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಹೆಚ್ಚು ಅಂಟು ಬಿದ್ದ ಕಾರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೈದಾ ಕಾಯಿಸಿದ ಅಂಟು ಅಗ್ಗವಾದರೂ ಜಿರಲೆಗೂ ಇತರ ಹುಳುಗಳಿಗೂ ಅದು ಹಬ್ಬದೂಟ. ಹಿಂದಿನ ಪುಸ್ತಕ ಕಟ್ಟುವವರು ಅದಕ್ಕಾಗಿಯೇ ಮೈಲುತುತ್ತು ಬೆರೆಸುತ್ತಿದ್ದರು. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದಾದರೂ ಅದು ವಿಷ. ಮಕ್ಕಳ ಕೈಗೆ ಕೊಡುವ ಯೋಚನೆಯನ್ನೇ ಮಾಡಬಾರದು.

ಇಷ್ಟಾದ ಮೇಲೆ ಅಕ್ಷರದ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳ ಡೈಗಳು ಸಿಗುವಂತೆ ಕನ್ನಡದವು ಏಕೆ ಸಿಗುವುದಿಲ್ಲವೆಂದು ಮಕ್ಕಳು ಕೇಳುವುದುಂಟು. ಕೊಳ್ಳುವವರು ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಲಿಪಿಯಲ್ಲೇ ಇದೆ. ಬಣ್ಣದ ಕಾಗದದಲ್ಲಿ ‘ಅಮ್ಮ’ ಎಂದು ಕತ್ತರಿಸಹೊರಟರೆ ಮಕಾರದ ಒತ್ತು ಬೇರೆಯೇ ತುಂಡಾಗಿ ಕೆಳಗೆ ಬೀಳುತ್ತದೆ. ‘ವಂದನೆ’ಯಲ್ಲಿ ಅನುಸ್ವಾರದ ಸೊನ್ನೆ ಉರುಳಿಹೋಗುತ್ತದೆ. ಠಕಾರದ ಹೊಟ್ಟೆಯೊಳಗಿನ ಚುಕ್ಕೆಯನ್ನು ಚಿಮುಟದಲ್ಲಿ ಹಿಡಿದು ಕೂರಿಸಬೇಕು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಕನ್ನಡದ ನಂಟರಲ್ಲಿ ಬಹುಪಾಲು ಒತ್ತಕ್ಷರದವರೇ. ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ ಇವರೆಲ್ಲರಿಗೂ ಒತ್ತು ಇದೆ; ತಂಗಿಗೆ ಸೊನ್ನೆ. ಭಾವ, ಮಾವ ಮಾತ್ರ ಸಲೀಸಾಗಿ ಕತ್ತರಿಗೆ ಸಿಗುತ್ತಾರೆ. ಪ್ರೀತಿಪಾತ್ರರ ಹೆಸರುಗಳೇ ಹೀಗೆ ಬಿಡಿಬಿಡಿಯಾಗಿ ಉದುರುವ ಲಿಪಿಗೆ ಡೈ ಮಾಡುವವನು ಹಿಂಜರಿದರೆ ಆಶ್ಚರ್ಯವಿಲ್ಲ.

ಉಪಾಯವಿಲ್ಲವೆಂದಲ್ಲ. ಅಕ್ಷರಗಳ ಅಡಿಯಲ್ಲಿ ಒಂದು ಪಟ್ಟಿಯನ್ನು ಉಳಿಸಿಕೊಂಡು, ಒತ್ತುಗಳೆಲ್ಲ ಆ ಪಟ್ಟಿಗೆ ತಾಗುವಂತೆ ಮೊದಲೇ ಬರೆದು ಕತ್ತರಿಸಿದರೆ ಪದ ಒಟ್ಟಾಗಿ ನಿಲ್ಲುತ್ತದೆ. ಬಳ್ಳಿಯ ಮೇಲೆ ಅಕ್ಷರಗಳು ಕುಳಿತಂತೆ ಕಾಣುತ್ತದೆ. ‘ಶುಭಾಶಯಗಳು’ ಎಂಬ ಪದಕ್ಕೆ ಒತ್ತಾಗಲಿ ಸೊನ್ನೆಯಾಗಲಿ ಇಲ್ಲದ ಕಾರಣ ಮುಖಪುಟಕ್ಕೆ ಅದನ್ನು ಕತ್ತರಿಸಬಹುದು. ಆದರೆ ಒಳಪುಟಕ್ಕೆ ಕತ್ತರಿ ಬೇಡ. ಅಲ್ಲಿ ಪೆನ್ನೇ ಬೇಕು.

ಕಾರ್ಡು ಮಾಡಿಸಹೊರಟ ಮನೆಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿಯೇ. ಹೂವಿಗೆ ಎರಡು ಗಂಟೆ ಕೊಟ್ಟ ಮಗು ಒಳಪುಟಕ್ಕೆ ಎರಡು ನಿಮಿಷ ಕೊಡುತ್ತದೆ. ಅದೂ ಅಂಗಡಿಯ ಕಾರ್ಡಿನ ಇಂಗ್ಲಿಷ್ ಸಾಲನ್ನೇ ನೆನಪಿನಿಂದ ಇಳಿಸುತ್ತದೆ. ಸೋಮಾರಿತನವೆಂದು ಗದರಿಸಿ ಪ್ರಯೋಜನವಿಲ್ಲ. ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಆಡುವುದು ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ. ಕನ್ನಡ ಅವರಿಗೆ ಪಾಠದ ಮತ್ತು ಪರೀಕ್ಷೆಯ ಭಾಷೆ. ಪ್ರಶ್ನೆಗೆ ಉತ್ತರವಾಗಿ ಅವರು ಪುಟಗಟ್ಟಲೆ ಕನ್ನಡ ಬರೆದಿದ್ದಾರೆ. ಒಬ್ಬ ವ್ಯಕ್ತಿಗೆ, ಆ ವ್ಯಕ್ತಿ ಓದಲಿ ಎಂದು, ಅಂಕಗಳ ಹಂಗಿಲ್ಲದೆ ಬರೆದದ್ದು ಕಡಿಮೆ. ಎಷ್ಟೋ ಮಕ್ಕಳಿಗೆ ಈ ಕಾರ್ಡಿನ ಸಾಲೇ ಅಂಥ ಮೊದಲ ಸಾಲಾಗಿರುತ್ತದೆ. ಜೂನ್ ಕಳೆದ ಮೇಲೆ ಮಾಧ್ಯಮ ಬದಲಿಸಿದ ಗೆಳತಿಯ ಪಾಲಿಗೆ ಅದು ತನ್ನ ಹೆಸರಿಗೆ ಬಂದ ಕೊನೆಯ ಕನ್ನಡ ಬರಹವೂ ಆಗಬಹುದು. ಹೂವಿನ ಎಸಳು ಸೊಟ್ಟಗಿದ್ದರೆ ಯಾರಿಗೂ ನಷ್ಟವಿಲ್ಲ. ಒಳಪುಟ ಬರಿದಾಗಿದ್ದರೆ ನಷ್ಟವಿದೆ.

ಹಳೆಯ ತಲೆಮಾರಿನವರಿಗೆ ಒಕ್ಕಣೆಯ ಸಿದ್ಧಮಾದರಿಗಳಿದ್ದವು. ಹಿರಿಯರಿಗೆ ತೀರ್ಥರೂಪರು, ಕಿರಿಯರಿಗೆ ಚಿರಂಜೀವಿ, ಮೊದಲಿಗೆ ಕ್ಷೇಮ, ಕೊನೆಗೆ ಆಶೀರ್ವಾದ ಬೇಡುವ ಇಂಥವನು. ಅವು ಮರೆಗೆ ಸರಿದವು, ಅವುಗಳ ಜಾಗಕ್ಕೆ ಬೇರೇನೂ ಬರಲಿಲ್ಲ. ಇಂದಿನ ಮಗುವಿಗೆ ತೀರ್ಥರೂಪ ಎಂದು ಬರೆಯಿಸಿದರೆ ನಾಟಕವಾದೀತು. ‘ಪ್ರೀತಿಯ ಟೀಚರಿಗೆ’ ಎಂದು ಆರಂಭಿಸಿದರೆ ಗೌರವಕ್ಕೆ ಕುಂದಿಲ್ಲ. ‘ನೀವು’ ಎಂಬುದನ್ನು ಕೊನೆಯವರೆಗೆ ನಡೆಸಿಕೊಂಡು ಹೋದರಾಯಿತು. ಗೆಳತಿಗೆ ‘ನೀನು’. ಅಜ್ಜಿಗೆ ಮನೆಯಲ್ಲಿ ಹೇಗೆ ಕರೆಯುವರೋ ಹಾಗೆಯೇ. ಅಪ್ಪಟ ಕನ್ನಡವಾಗಲೆಂದು ಮಗುವಿನ ವಾಕ್ಯವನ್ನು ತಂದೆತಾಯಿ ತಿದ್ದಿ ಬರೆಯಿಸುವುದು ಒಳ್ಳೆಯದಲ್ಲ. ಕಾಗುಣಿತ ತಪ್ಪಿದ್ದರೆ ಕರಡು ಹಾಳೆಯಲ್ಲಿ ತೋರಿಸಿಕೊಡಬಹುದು, ವಾಕ್ಯ ಮಾತ್ರ ಮಗುವಿನದೇ ಆಗಿರಲಿ. ಟೀಚರುಗಳಿಗೆ ಅನೇಕ ವರ್ಷಗಳ ಉತ್ತರಪತ್ರಿಕೆಗಳನ್ನು ಓದಿದ ಅನುಭವವಿದೆ. ಯಾವ ವಾಕ್ಯ ಮಗುವಿನದು, ಯಾವುದು ಅಪ್ಪನದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಏನು ಬರೆಯಬೇಕೆಂದು ತೋಚದಿದ್ದರೆ ಒಂದು ದಾರಿಯಿದೆ. ‘ನಿನ್ನ ಭವಿಷ್ಯ ಉಜ್ವಲವಾಗಲಿ’ ಎಂಬ ಸಾಲನ್ನು ಬದಿಗಿಟ್ಟು, ಆ ಒಬ್ಬರಿಗಲ್ಲದೆ ಇನ್ಯಾರಿಗೂ ಸಲ್ಲದ ಒಂದು ಮಾತನ್ನು ಹುಡುಕಿದರೆ ಸಾಕು. ನಾಲ್ಕನೆಯ ತರಗತಿಯಲ್ಲಿ ಹೊಳೆ ತುಂಬಿ ಶಾಲೆ ಬೇಗ ಬಿಟ್ಟ ದಿನ ಒಂದೇ ಕೊಡೆಯಲ್ಲಿ ಬಂದದ್ದು. ಉಪ್ಪು ಹಾಕಿದ ಬಿಂಬುಳಿಗಾಗಿ ನಡೆದ ಜಗಳ. ಭಾಗಾಕಾರ ತಲೆಗೆ ಹತ್ತದಾಗ ಟೀಚರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮತ್ತೊಮ್ಮೆ ಹೇಳಿಕೊಟ್ಟದ್ದು. ಎರಡು ವಾಕ್ಯ ಸಾಕು. ಮೂರಾದರೆ ಲಾಭ. ಕೆಳಗೆ ಪೂರ್ತಿ ಹೆಸರು, ತರಗತಿ, ತಾರೀಕು. ತಾರೀಕನ್ನು ಬಿಡಬಾರದು, ಇಪ್ಪತ್ತು ವರ್ಷಗಳ ಬಳಿಕ ಪೆಟ್ಟಿಗೆಯ ತಳದಲ್ಲಿ ಸಿಕ್ಕಾಗ ಮೊದಲು ಹುಡುಕುವುದು ಅದನ್ನೇ.

ಶಾಲೆಗಳ ವೃತ್ತಿ ಪರಿಚಯ ಮೇಳದಲ್ಲಿ ಕಾಗದದ ಕೈಗೆಲಸಕ್ಕೆ ಸ್ಪರ್ಧೆಯಿದೆ. ನಿಗದಿತ ಅವಧಿಯೊಳಗೆ, ಎಲ್ಲರ ಕಣ್ಣೆದುರಿಗೇ ಮಾಡಿ ಮುಗಿಸಬೇಕಾದ ಕೆಲಸ ಅದು. ಅಲ್ಲಿ ಚೊಕ್ಕತನಕ್ಕೆ, ವೇಗಕ್ಕೆ ಬೆಲೆ. ಮನೆಯ ಕಾರ್ಡಿಗೆ ಆ ಅಳತೆಗೋಲು ಬೇಡ. ಸ್ಪರ್ಧೆಯ ಅಭ್ಯಾಸಕ್ಕೆಂದು ಕಾರ್ಡು ಮಾಡಿಸುವ ಮನೆಯಲ್ಲಿ ಮಗು ಹೂವು ಮಾಡಲು ಕಲಿಯುತ್ತದೆ, ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಮರೆಯುತ್ತದೆ. ದುಬಾರಿ ಯಂತ್ರವನ್ನು ಒಂದೊಂದು ಮನೆಯೂ ಕೊಳ್ಳುವುದಕ್ಕೂ ಅರ್ಥವಿಲ್ಲ. ರಕ್ಷಕ ಶಿಕ್ಷಕ ಸಂಘದವರು ಮನಸ್ಸು ಮಾಡಿದರೆ ನಾಲ್ಕೆಸಳು, ಐದೆಸಳು, ಎಲೆ ಎಂಬ ಮೂರು ಪಂಚುಗಳನ್ನು ಶಾಲೆಗೇ ತೆಗೆದಿಡಬಹುದು. ಪಂಚು ಮೊಂಡಾದಾಗ ಮರಳುಕಾಗದವನ್ನು ಹತ್ತಾರು ಸಲ ಕತ್ತರಿಸಿದರೆ ಅಲಗು ಸ್ವಲ್ಪ ಮಟ್ಟಿಗೆ ಹರಿತವಾಗುತ್ತದೆ.

ಇನ್ನುಳಿದದ್ದು ಅಂಚೆಯ ಲೆಕ್ಕ. ಪಕ್ಕದ ಗ್ರಾಮದ ಗೆಳತಿಗಾದರೂ ಕಾರ್ಡನ್ನು ಅಂಚೆಯಲ್ಲೇ ಕಳಿಸುವುದು ಚೆಂದ; ತನ್ನ ಹೆಸರು ಕೂಗಿ ಅಂಚೆಯಣ್ಣ ಲಕೋಟೆ ಕೊಡುವ ಅನುಭವ ಈಗಿನ ಮಕ್ಕಳಿಗೆ ಅಪರೂಪವಾಗಿದೆ. ಕಾಗದದ ಹೂವಿಟ್ಟರೆ ತೂಕ ಏರಿ ಹೆಚ್ಚು ಅಂಚೆಚೀಟಿ ಬೇಕಾದೀತೆಂಬ ಅಂಜಿಕೆ ಬೇಡ. ಅಂಗಡಿಯಲ್ಲಿ 250 ಜಿಎಸ್‌ಎಂ ಎಂದು ಮಾರುವ ದಪ್ಪ ಕಾಗದದ ಒಂದು ಚದರ ಮೀಟರು 250 ಗ್ರಾಂ ತೂಗುತ್ತದೆ. ಎ4 ಹಾಳೆ ಚದರ ಮೀಟರಿನ ಹದಿನಾರರಲ್ಲಿ ಒಂದು ಪಾಲು, ಅಂದರೆ ಸುಮಾರು 15.6 ಗ್ರಾಂ. ಅದರ ಅರ್ಧದಲ್ಲಿ ಒಂದು ಕಾರ್ಡಾಗುವುದರಿಂದ 8 ಗ್ರಾಮಿಗೂ ಕಡಿಮೆ. ಸಾಧಾರಣ ಹಾಳೆಯ ಲಕೋಟೆಗೆ 5 ಗ್ರಾಂ. ಇಪ್ಪತ್ತು ಕೇಪಳ ಹೂಗಳೆಲ್ಲ ಸೇರಿದರೂ ಒಂದು ಗ್ರಾಮಿನ ಆಸುಪಾಸು. ಪತ್ರದ ಮೊದಲ ದರ 20 ಗ್ರಾಂವರೆಗೆ ಸಲ್ಲುತ್ತದಾದ್ದರಿಂದ ಏಳನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನಿಶ್ಚಿಂತರಾಗಬಹುದು. ಚಿಂತೆ ಬೇಕಾದದ್ದು ಮೊಹರಿನ ಪೆಟ್ಟಿನ ವಿಷಯದಲ್ಲಿ. ಅಂಚೆಚೀಟಿ ಲಕೋಟೆಯ ಮೇಲ್ಭಾಗದ ಬಲಮೂಲೆಯಲ್ಲಿರುತ್ತದೆ, ಪೆಟ್ಟು ಬೀಳುವುದೂ ಅಲ್ಲಿಯೇ. ಆದ್ದರಿಂದ ಗೊಂಚಲನ್ನು ಕಾರ್ಡಿನ ಕೆಳಭಾಗದಲ್ಲಿ ಅಂಟಿಸಬೇಕು, ಅದರ ಮೇಲೊಂದು ತೆಳುವಾದ ಟಿಶ್ಯೂ ಕಾಗದ ಹೊದಿಸಬೇಕು. ಅಂಟು ಪೂರ್ತಿ ಆರಿದ ಮೇಲೆಯೇ ಲಕೋಟೆಗೆ ಸೇರಿಸುವುದು. ಮಾರ್ಚ್ ತಿಂಗಳಲ್ಲಿ ಅದಕ್ಕೆ ಒಂದು ರಾತ್ರಿ ಸಾಕು. ಲಕೋಟೆಯ ಮೇಲೆ ಗೆಳತಿಯ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ, ವಿಳಾಸವನ್ನು ಅಂಚೆ ಕಚೇರಿಯವರು ಓದಬಲ್ಲ ಲಿಪಿಯಲ್ಲಿ, ಪಿನ್‌ಕೋಡಿನ ಆರು ಅಂಕೆಗಳನ್ನು ಬಿಡಿಬಿಡಿಯಾಗಿ ಬರೆದರೆ ಎರಡು ಮೂರು ದಿನಗಳಲ್ಲಿ ತಲುಪೀತು.